ಮೇಷ್ಟ್ರು ದಳವಾಯಿ ಆದದ್ದು

ಚಳ್ಳಕೆರೆಯಲ್ಲಿ ಅಂಗಡಿ ಇಟ್ಟುಕೊಂಡವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ಅದೇ ಒಳಗೆ ಬಂದು ಸ್ಟೂಲಿನ ಮೇಲೆ ಕೂತು, "ಒಂದು ರೀಫಿಲ್ ಕೊಡ್ರಿ" ಅನ್ನುತ್ತದೆ. ನನ್ನದು ಬಸ್ ನಿಲ್ದಾಣದ ಹತ್ತಿರದ ಪುಸ್ತಕ, ಪೆನ್ನಿನ ಅಂಗಡಿ. ಎರಡು ಸಾವಿರದ ಇಸವಿಯ ಆಚೀಚೆ ಕೆಲವು ವರ್ಷ, ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ನಾವು ನಾಲ್ಕು ಜನ ಒಂದು ಆಟ ಆಡುತ್ತಿದ್ದೆವು. ಇಸ್ಪೀಟಲ್ಲ, ಕೇರಮ್ಮಲ್ಲ. ಇಸ್ಪೀಟಾಗಿದ್ದರೆ ಮನೆಯವರು ಬೈದು ಸುಮ್ಮನಾಗುತ್ತಿದ್ದರು. ನಾವು ಆಡುತ್ತಿದ್ದದ್ದು ಏನು ಅಂತಲೇ ಅವರಿಗೆ ತಿಳಿಯದೆ, ಯಾವುದಕ್ಕೆ ಬೈಯಬೇಕೋ ಗೊತ್ತಾಗದೆ ಒದ್ದಾಡಿದರು.

ಕೆಲಸವಿಲ್ಲದ ದೇವರುಗಳು

ಆಟ ನಾನು ಕಲಿತದ್ದು ದಾವಣಗೆರೆಯ ಹಾಸ್ಟೆಲಿನಲ್ಲಿ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಕಥೆಯೊಳಗೆ ಒಂದೊಂದು ಪಾತ್ರ ಆಗುತ್ತಾರೆ. "ಎದುರಿಗೆ ರಾಕ್ಷಸ ಬಂದ, ಏನ್ಮಾಡ್ತೀಯ?" ಅಂತ ಕಥೆಯವನು ಕೇಳುತ್ತಾನೆ. "ಹೊಡೀತೀನಿ" ಅಂದರೆ ಇಪ್ಪತ್ತು ಮುಖದ ಒಂದು ದಾಳ ಉರುಳಿಸಬೇಕು. ದೊಡ್ಡ ಅಂಕಿ ಬಿದ್ದರೆ ಏಟು ತಗುಲಿತು, ಸಣ್ಣದು ಬಿದ್ದರೆ ಏಟು ತಿಂದೆ. ಗೆದ್ದವನಿಗೆ ಅಂಕ. ಅಂಕ ತುಂಬಿದರೆ ಪಾತ್ರ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ, ಇನ್ನಷ್ಟು ಬಲ ಬರುತ್ತದೆ. ಇಷ್ಟೇ ಆಟ.

ಹಾಸ್ಟೆಲಿನಲ್ಲಿ ಕಥೆ ನಡೆಸುತ್ತಿದ್ದ ಹುಡುಗ ತುಂಬಾ ಧಾರಾಳಿ. ಬಾಗಿಲು ತೆಗೆದರೆ ಅಂಕ, ನೀರು ಕುಡಿದರೆ ಅಂಕ. ಒಂದೇ ತಿಂಗಳಲ್ಲಿ ನಾವೆಲ್ಲ ಮೆಟ್ಟಿಲು ಹತ್ತಿ ಹತ್ತಿ, ಹತ್ತಲು ಮೆಟ್ಟಿಲೇ ಉಳಿಯದೆ ದೇವರುಗಳಾಗಿಬಿಟ್ಟೆವು. ಆಮೇಲೆ ಮುಂದಿನ ಭಾನುವಾರ ಎಲ್ಲರೂ ಸುತ್ತ ಕೂತೆವು. "ಎದುರಿಗೆ ರಾಕ್ಷಸ ಬಂದ" ಅಂದ ಅವನು. "ಸತ್ತ" ಅಂದೆವು ನಾವು, ದಾಳ ಮುಟ್ಟದೆ. "ಇನ್ನೊಬ್ಬ ಬಂದ." "ಅವನೂ ಸತ್ತ." ಆರು ದೇವರುಗಳೂ ಎದ್ದು ಮೆಸ್ಸಿಗೆ ಹೋಗಿ ಉಪ್ಪಿಟ್ಟಿಗೆ ಸಾಲು ನಿಂತೆವು.

ಅವತ್ತೇ ನಿರ್ಧಾರ ಮಾಡಿದೆ. ನಾನು ಆಟ ನಡೆಸುವ ಕಾಲ ಬಂದರೆ ಒಂದೊಂದು ಮೆಟ್ಟಿಲಿಗೂ ಬೆವರು ಇಳಿಸಿಯೇ ತೀರುತ್ತೇನೆ. ಊರಿಗೆ ವಾಪಸ್ ಬಂದು ಮೂರು ಜನರನ್ನು ಹಿಡಿದೆ. ಒಬ್ಬರು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಇನ್ನೊಬ್ಬರು ಶೇಂಗಾ ಮಂಡಿಯ ಸಾವ್ಕಾರ್ರು, ಅವರ ಮಂಡಿಯಲ್ಲೇ ಚೀಲಗಳ ಮೇಲೆ ಕೂತು ನಮ್ಮ ಆಟ. ಮೂರನೆಯವನು ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಕಾರ, ಸೀರೆ ಕೊಡಲು ಪೇಟೆಗೆ ಬಂದವನು ಸಂಜೆ ಬಸ್ಸಿನ ತನಕ ನಮ್ಮ ಜೊತೆ ಕೂರುತ್ತಿದ್ದ.

ಆಟದ ಇಂಗ್ಲಿಷ್ ಪುಸ್ತಕದಲ್ಲಿದ್ದ ಕಾಡು, ಕೋಟೆಗಳ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ಹಾಗಾಗಿ ನಮ್ಮ ರಾಕ್ಷಸರೆಲ್ಲ ಉಳ್ಳಾರ್ತಿ ಕಾವಲಿನ ಹುಲ್ಲಿನಿಂದ ಎದ್ದು ಬಂದರು, ಕಳ್ಳರು ಬಿ.ಜಿ. ಕೆರೆಯ ಏರಿಯ ಹಿಂದೆ ಅಡಗಿದರು. ಮೆಟ್ಟಿಲಿಗೂ ನಮ್ಮದೇ ಹೆಸರಿಟ್ಟೆ. ಒಂದನೆಯವನು ಕಾಲಾಳು, ಎರಡನೆಯವನು ಸವಾರ, ಮೂರನೆಯವನು ನಾಯಕ, ನಾಲ್ಕನೆಯದು ದಳವಾಯಿ. ದಂಡಿಗೆ ಒಬ್ಬನೇ ದಳವಾಯಿ, ಅವನ ಮಾತೇ ಕೊನೆ.

ಈ ಕೊನೆಯ ಮಾತು ಹೇಳಿದಾಗ ಮೇಷ್ಟ್ರು ಬಾಯಿಗೆ ಹಾಕಿಕೊಳ್ಳುತ್ತಿದ್ದ ಮಂಡಕ್ಕಿ ಕೈಯಲ್ಲೇ ನಿಂತಿತು. "ದಳವಾಯಿಗೆ ಎಲ್ರೂ ಸೆಲ್ಯೂಟ್ ಹೊಡೀಬೇಕಾ?" ಅಂತ ಕೇಳಿದರು. ಹೊಡೀಬೇಕು ಅಂದೆ. "ಹಂಗಾದ್ರೆ ನಾನು ಬರ್ತೀನಿ ಆಟಕ್ಕೆ" ಅಂದರು.

ಹಾಜರಿಯ ಮೇಲೆ ಬಡ್ತಿ

ಮೇಷ್ಟ್ರ ಸಂಕಟ ಊರಿಗೆಲ್ಲ ಗೊತ್ತಿದ್ದದ್ದೇ. ಅವರ ಜೊತೆ ನೌಕರಿಗೆ ಸೇರಿದ ಕನ್ನಡದವರು, ಗಣಿತದವರು ಎಲ್ಲ ಹೆಡ್‌ಮಾಸ್ಟರ್ ಆಗಿಹೋಗಿದ್ದರು. ಇವರು ಮಾತ್ರ ಸೇರಿದ ದಿನದ ಸೀಟಿಯನ್ನೇ ಕೊರಳಿಗೆ ಹಾಕಿಕೊಂಡು ಅದೇ ಮೈದಾನದಲ್ಲಿದ್ದರು. "ಆಗಸ್ಟ್ ಹದಿನೈದಕ್ಕೆ ಮಕ್ಕಳ ಕೈಲಿ ಸೆಲ್ಯೂಟ್ ಹೊಡಿಸೋನು ನಾನು, ಸ್ಟೇಜ್ ಮೇಲೆ ನಿಂತು ತಗೊಳ್ಳೋನು ಇನ್ನೊಬ್ಬ" ಅಂತ ನನ್ನ ಅಂಗಡಿಯಲ್ಲಿ ಕೂತು ಎಷ್ಟೋ ಸಲ ಹೇಳಿದ್ದರು. ಇಲಾಖೆಯಿಂದ ಬಡ್ತಿ ಆದೇಶ ಬರುತ್ತೆ ಬರುತ್ತೆ ಅನ್ನುತ್ತಲೇ ಅವರ ಮೀಸೆ ಬೆಳ್ಳಗಾಯಿತು. ಆ ಮನುಷ್ಯ ಆಟದಲ್ಲಾದರೂ ಮೇಲೆ ಹೋಗಬೇಕು ಅಂತ ಆಸೆಪಟ್ಟರೆ ತಪ್ಪೇನು?

ತಪ್ಪೇನೂ ಇಲ್ಲ. ಆದರೆ ಯುದ್ಧ ಶುರುವಾದ ತಕ್ಷಣ ಮೇಷ್ಟ್ರ ಕಾಲಾಳು ಬಂಡೆಯ ಹಿಂದೆ ಹೋಗಿ ಕೂರುತ್ತಿದ್ದ.

"ಮೇಷ್ಟ್ರೇ, ರಾಕ್ಷಸ ಸಾವ್ಕಾರ್ರನ್ನ ಎತ್ತಿ ಒಗೀತಿದಾನೆ. ನೀವೇನ್ಮಾಡ್ತೀರಿ?"

"ನಾನು ಬಂಡೆ ಹಿಂದೆ ಹಾಜರಿದೀನಿ."

"ಹಾಜರಿದ್ರೆ ಆಗಲ್ಲ ಸಾರ್, ಹೊಡೀಬೇಕು."

"ಯಾಕೆ? ಏಟು ತಿಂದು ಮೆಡಿಕಲ್ ಲೀವ್ ಹಾಕೋಕಾ?"

ತಿಂಗಳುಗಟ್ಟಲೆ ಹೀಗೇ ನಡೆಯಿತು. ಸಾವ್ಕಾರ್ರು ಸವಾರ ಆದರು, ಮೇಷ್ಟ್ರು ಬಂಡೆಯ ಹಿಂದೆಯೇ ಉಳಿದರು. ಒಂದು ಭಾನುವಾರ ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಎದ್ದು ನಿಂತರು. "ಇದು ಅನ್ಯಾಯ. ಆಟಕ್ಕೆ ಮೊದಲು ಸೇರಿದ್ದು ನಾನು. ಸಾವ್ಕಾರ್ರು ಬಂದಿದ್ದು ಅರ್ಧ ಗಂಟೆ ಲೇಟಾಗಿ. ಜೂನಿಯರ್‌ನ ಮುಂದೆ ಬಿಟ್ಟು ಸೀನಿಯರ್‌ನ ಕೂರಿಸೋದು ಯಾವ ನ್ಯಾಯ?"

"ಅವ್ರು ರಾಕ್ಷಸನ್ನ ಕೊಂದ್ರಲ್ಲ ಸಾರ್."

"ಕೊಲ್ಲೋದು ಬೇರೆ, ಸೇವೆ ಬೇರೆ. ನನ್ನ ಹಾಜರಿ ನೋಡು. ಒಂದು ಭಾನುವಾರ ತಪ್ಪಿಸಿದೀನಾ? ಇಷ್ಟು ವರ್ಷ ಒಂದೇ ಹುದ್ದೆಯಲ್ಲಿದ್ರೆ ಸರ್ಕಾರನೇ ತಾನಾಗಿ ಮೇಲಿನ ಸ್ಕೇಲ್ ಕೊಡ್ತದೆ. ನೀನೇನು ಸರ್ಕಾರಕ್ಕಿಂತ ದೊಡ್ಡೋನಾ?"

ಅವರ ಮುಖ ನೋಡಿದರೆ ಪಾಪ ಅನ್ನಿಸಿತು. ಬಂಡೆಯ ಹಿಂದೆ ಹಾಜರಿದ್ದ ಸೇವೆಯನ್ನು ಪರಿಗಣಿಸಿ ಸವಾರನ ಹುದ್ದೆಗೆ ಬಡ್ತಿ ಕೊಟ್ಟೆ. ಸವಾರ ಅಂದಮೇಲೆ ಕುದುರೆ ಬಂತು. ಮುಂದಿನ ಯುದ್ಧದಲ್ಲಿ ಮೇಷ್ಟ್ರು ಕುದುರೆಯನ್ನೂ ಬಂಡೆಯ ಹಿಂದಕ್ಕೆ ಎಳೆದುಕೊಂಡು ಹೋದರು.

ಟವಲಿನ ಕೆಳಗೆ

ನಮ್ಮ ಕಡೆ ಕುರಿ ಸಂತೆ, ದನದ ಸಂತೆಯಲ್ಲಿ ಬೆಲೆ ಬಾಯಲ್ಲಿ ಹೇಳುವುದಿಲ್ಲ. ಕೊಡುವವನೂ ಕೊಳ್ಳುವವನೂ ಟವಲಿನ ಕೆಳಗೆ ಕೈ ಹಿಡಿದುಕೊಳ್ಳುತ್ತಾರೆ. ಯಾವ ಬೆರಳು ಹಿಡಿದರು, ಎಷ್ಟು ಬೆರಳು ಹಿಡಿದರು ಅನ್ನುವುದರಲ್ಲೇ ವ್ಯಾಪಾರ. ಸುತ್ತ ನಿಂತವರಿಗೆ ಕಾಣುವುದು ಇಬ್ಬರ ಮುಖ ಮಾತ್ರ, ಆ ಮುಖದಲ್ಲೂ ಏನೂ ಕಾಣುವುದಿಲ್ಲ.

ಸಾವ್ಕಾರ್ರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬರುವ ಗಂಭೀರ ಮನುಷ್ಯ. ಶೇಂಗಾ ಬಿಡಿ, ಕುರಿಯಲ್ಲೂ ಅವರ ಕೈ ಪಳಗಿದ್ದು. ಒಂದು ದಿನ ಅವರ ಸವಾರ ಬಿ.ಜಿ. ಕೆರೆಯ ಏರಿಯ ಹಿಂದಿನ ಕಳ್ಳರನ್ನೆಲ್ಲ ಓಡಿಸಿದ. ನಾನು ಲೆಕ್ಕ ಹಾಕಿ, "ಐವತ್ತು ಅಂಕ" ಅಂದೆ.

ಸಾವ್ಕಾರ್ರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. "ಏನಪ್ಪಾ, ಹಿಂಗೆ ನಾಕು ಜನದ ಮುಂದೆ ರೇಟು ಕೂಗ್ತಾರಾ? ಸಂಸಾರಸ್ಥರು ಮಾಡೋ ಕೆಲಸನಾ ಇದು?" ಅಂದವರೇ ಹೆಗಲ ಮೇಲಿನ ಟವಲ್ ತೆಗೆದು ನನ್ನ ಕೈ ಮೇಲೆ ಹಾಸಿ, ಕೆಳಗಿನಿಂದ ನನ್ನ ಬೆರಳು ಹಿಡಿದರು.

ಆ ಬೆರಳಿನ ಭಾಷೆ ನನಗೆ ಬರುವುದಿಲ್ಲ. ಸಾಲದ್ದಕ್ಕೆ ಅಂಗೈ ಮುಟ್ಟಿದರೆ ನನಗೆ ವಿಪರೀತ ಕಚಗುಳಿ. ಅವರು ಒಂದು ಬೆರಳು ಒತ್ತಿದರು, ನಾನು ನಕ್ಕೆ. ಇನ್ನೊಂದು ಒತ್ತಿದರು, ನನ್ನ ಕಣ್ಣಲ್ಲಿ ನೀರು ಬಂತು. ಕೊನೆಗೆ ತಡೆಯಲಾರದೆ ಅವರ ಕೈಯನ್ನು ಇಡಿಯಾಗಿ ಗಟ್ಟಿಯಾಗಿ ಹಿಡಿದುಬಿಟ್ಟೆ.

ಸಾವ್ಕಾರ್ರು ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದೆ ಟವಲ್ ತೆಗೆದು ಹೆಗಲಿಗೆ ಹಾಕಿಕೊಂಡರು. "ಆಯ್ತು. ಐನೂರಕ್ಕೆ ಮುಗೀತು" ಅಂದರು.

"ಸಾವ್ಕಾರ್ರೇ, ನಾನು ಹಂಗೆ ಹೇಳ್ಲಿಲ್ಲ."

"ಐದೂ ಬೆರಳು ಕೊಟ್ಟಿದೀಯ. ಕೈ ಕೊಟ್ಟ ಮೇಲೆ ಮಾತು ತಪ್ಪಿದೋನು ಚಳ್ಳಕೆರೆ ಸಂತೆಗೆ ಮತ್ತೆ ಕಾಲಿಡೋ ಹಂಗಿಲ್ಲ."

ಸಾವ್ಕಾರ್ರು ಕೂತ ಚೀಲದಿಂದ ಏಳದೆ ನಾಯಕ ಆದರು. ಮುಂದಿನ ಭಾನುವಾರ ಮೇಷ್ಟ್ರು ಒಂದು ಹೊಸ ಟವಲ್ ಹೆಗಲಿಗೆ ಹಾಕಿಕೊಂಡು ಬಂದರು. ನಾನು ಅವತ್ತು ಸಂಜೆಯ ತನಕ ಎರಡೂ ಕೈ ಜೇಬಿನಲ್ಲಿಟ್ಟುಕೊಂಡೇ ಆಟ ನಡೆಸಿದೆ.

ಎಳೆಗೆ ಎಳೆ ಗಂಟು

ಮಗ್ಗದ ಮುಂದೆ ಕೂತರೆ ನಮ್ಮ ನೇಕಾರನಷ್ಟು ತಾಳ್ಮೆ ಇನ್ನೊಬ್ಬರಿಗಿಲ್ಲ. ಅಂಚಿನಲ್ಲಿ ಒಂದು ನವಿಲು ಮೂಡಿಸಲು ದಿನಗಟ್ಟಲೆ ಕೂರುತ್ತಾನೆ. ಆ ತಾಳ್ಮೆಯನ್ನೆಲ್ಲ ಮೊಳಕಾಲ್ಮುರಿನಲ್ಲೇ ಬಿಟ್ಟು ಬಸ್ ಹತ್ತುತ್ತಿದ್ದ ಅಂತ ಕಾಣುತ್ತದೆ. ಆಟದಲ್ಲಿ ರಾಕ್ಷಸ ಎಲ್ಲಿ ಅಂತ ನಾನು ಹೇಳಿ ಮುಗಿಸುವ ಮೊದಲೇ ಅವನ ಪಾತ್ರ ಕತ್ತಿ ಹಿಡಿದು ನುಗ್ಗಿ ಸತ್ತಿರುತ್ತಿತ್ತು.

"ಪೋಯಿಂದಾ?" ಅಂತ ತೆಲುಗಿನಲ್ಲಿ ಕೇಳುತ್ತಿದ್ದ. ಹೋಯ್ತು ಅನ್ನುತ್ತಿದ್ದೆ. ಸತ್ತವನ ಬದಲು ಹೊಸ ಪಾತ್ರ ಬರಬೇಕು, ಅದು ಕಾಲಾಳಿನಿಂದಲೇ ಶುರುವಾಗಬೇಕು. ಉಳಿದವರು ಮೇಲೆ ಹೋಗುತ್ತಿದ್ದರೆ ಇವನು ಮಾತ್ರ ಪ್ರತಿ ವಾರ ಹೊಸ ಕಾಲಾಳು.

ಒಂದು ದಿನ ಅವನಿಗೂ ಸಾಕಾಯಿತು. "ಅಣ್ಣಾ, ಒಂದು ಮಾತು. ಮಗ್ಗದಾಗೆ ಒಂದು ಹಾಸು, ಅದೇ ಉದ್ದನೆ ಎಳೆ, ಮುಗೀತು ಅನ್ಕೋ. ಹೊಸ ಹಾಸು ಹಾಕೋವಾಗ ಮೊದಲಿಂದ ಎಲ್ಲಾ ಕಟ್ತೀವಾ? ಇಲ್ಲ. ಹಳೇ ಹಾಸಿನ ತುದಿಗೆ ಹೊಸದರ ಎಳೆ, ಎಳೆಗೆ ಎಳೆ ಗಂಟು ಹಾಕಿ ಅಲ್ಲಿಂದನೇ ಮುಂದಕ್ಕೆ ನೇಯ್ತೀವಿ. ಹಂಗೇ ಸತ್ತೋನ ತುದಿಗೆ ಅವನ ಮಗನ್ನ ಗಂಟು ಹಾಕು. ಅಪ್ಪ ಎಲ್ಲಿ ಬಿಟ್ಟಿದ್ನೋ, ಮಗ ಅಲ್ಲಿಂದ ಶುರು ಮಾಡ್ಲಿ."

ನನಗೆ ಈ ಮಾತು ಬಹಳ ಹಿಡಿಸಿತು. ಸರಿ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮೇಷ್ಟ್ರ ಸೀಟಿ ಕೂಗಿತು. ಆಕ್ಷೇಪಣೆ ಇದ್ದಾಗಲೆಲ್ಲ ಅವರು ಸೀಟಿ ಊದುತ್ತಿದ್ದರು.

"ಇದಕ್ಕೆ ಅನುಕಂಪದ ನೇಮಕಾತಿ ಅಂತಾರೆ" ಅಂದರು ಮೇಷ್ಟ್ರು. "ನೌಕರ ಸತ್ರೆ ಮಗನಿಗೆ ಕೆಲಸ ಕೊಡ್ತಾರೆ, ಒಪ್ತೀನಿ. ಆದ್ರೆ ಕೆಳಗಿನ ಹುದ್ದೆ ಕೊಡ್ತಾರೆ. ಅಪ್ಪ ಹೆಡ್‌ಮಾಸ್ಟರ್ ಆಗಿದ್ದ ಅಂತ ಮಗನ್ನ ತಂದು ಹೆಡ್‌ಮಾಸ್ಟರ್ ಕುರ್ಚಿ ಮೇಲೆ ಕೂರಿಸ್ತಾರಾ? ಒಬ್ಬರ ಬಡ್ತಿ ಇನ್ನೊಬ್ಬರಿಗೆ ಕೊಡೋಕೆ ಬರಲ್ಲ. ನಿಯಮ ನಿಯಮಾನೇ."

ವಾದದಲ್ಲಿ ಮೇಷ್ಟ್ರು ಗೆದ್ದರು. ನೇಕಾರ ತಲೆ ಅಲ್ಲಾಡಿಸಿ, "ಸರೇ, ಮಗನೇ ಬರ್ಲಿ, ಕಾಲಾಳಾಗೇ ಬರ್ಲಿ" ಅಂದ. ಆ ಮಗ ಕತ್ತಿ ಹಿಡಿದು ಬಂದ. ನಾನು "ಎದುರಿಗೆ" ಅಂದೆ. ಮುಂದಿನ ಮಾತು ಹೇಳುವಷ್ಟರಲ್ಲಿ ಮೊಮ್ಮಗನನ್ನು ಹುಡುಕಬೇಕಾಯಿತು.

ತಡೆಹಿಡಿದ ಫಲಿತಾಂಶ

ಸವಾರನಾಗಿ ಬಹಳ ಕಾಲ ಕಳೆದ ಮೇಲೆ ಮೇಷ್ಟ್ರಿಗೆ ಒಂದು ದಿನ ಧೈರ್ಯ ಬಂತು. ಕುದುರೆಯನ್ನು ಬಂಡೆಯ ಹಿಂದಿನಿಂದ ಹೊರಗೆ ತಂದರು. ಎದುರಿಗೆ ಕಾವಲಿನ ದೊಡ್ಡ ರಾಕ್ಷಸ. ಹೊಡೆತ ತಗುಲಿದರೆ ಮೇಷ್ಟ್ರು ನಾಯಕ. ಅಂಗೈಯಲ್ಲಿ ದಾಳ ಇಟ್ಟುಕೊಂಡು, ಕ್ರೀಡಾಕೂಟದಲ್ಲಿ ಗುಂಡು ಎಸೆಯುವವರ ಹಾಗೆ ಒಂದು ಸುತ್ತು ತಿರುಗಿ ಎಸೆದರು. ದಾಳ ಚೀಲಕ್ಕೆ ಬಡಿದು ಹಾರಿ, ಮಂಡಿಯ ಮೂಲೆಯಲ್ಲಿ ಆಳೆತ್ತರ ಸುರಿದಿದ್ದ ಶೇಂಗಾ ರಾಶಿಯೊಳಗೆ ಹೋಯಿತು.

"ಇಪ್ಪತ್ತು ಬಿತ್ತು" ಅಂದರು ಮೇಷ್ಟ್ರು.

"ಕಾಣ್ಲೇ ಇಲ್ವಲ್ಲ ಸಾರ್."

"ನನಗೆ ಗಾಳಿಯಲ್ಲೇ ಕಾಣ್ತು."

ಅಷ್ಟೂ ಜನ ಮೊಣಕೈ ತನಕ ಶೇಂಗಾದೊಳಗೆ ಕೈ ಹಾಕಿ ಹುಡುಕಿದೆವು. ನೇಕಾರ ಹುಡುಕುತ್ತಾ ಹುಡುಕುತ್ತಾ ಹೊಟ್ಟೆ ತುಂಬ ಶೇಂಗಾ ತಿಂದ. ದಾಳ ಸಿಗಲಿಲ್ಲ. ಮಾರನೇ ದಿನ, ಬಿತ್ತನೆಗೆ ಇಟ್ಟ ನಾಲ್ಕು ಚೀಲ ಬಿಟ್ಟು, ರಾಶಿಯೆಲ್ಲ ಚೀಲಕ್ಕೆ ತುಂಬಿ ಸಾಗಿಹೋಯಿತು. ನಮ್ಮ ಆಟ ಕವಡೆಯಲ್ಲಿ ನಡೆಯಿತು. ಮೇಷ್ಟ್ರ ಬಡ್ತಿ ಮಾತ್ರ ನೇತಾಡುತ್ತಾ ಉಳಿಯಿತು. ಯಾರಾದರೂ ದಾರಿಯಲ್ಲಿ ಸಿಕ್ಕಿ "ಏನಾಯ್ತು ಮೇಷ್ಟ್ರೇ ಪ್ರಮೋಷನ್ನು?" ಅಂತ ಇಲಾಖೆಯ ವಿಚಾರ ಕೇಳಿದರೆ, "ಫಲಿತಾಂಶ ಶೇಂಗಾದಾಗೆ ಐತೆ" ಅನ್ನುತ್ತಿದ್ದರು.

ಒಂದು ಭಾನುವಾರ ನಾವು ಕೂತಿದ್ದಾಗ, ಬಿತ್ತನೆಗೆ ಶೇಂಗಾ ಸುಲಿಯಲು ಬರುತ್ತಿದ್ದ ಹೆಂಗಸೊಬ್ಬಳು ಸೆರಗಿನ ಗಂಟು ಬಿಚ್ಚುತ್ತಾ ಬಂದಳು. "ಸಾವ್ಕಾರ್ರೇ, ಇದು ಯಾವ ಬೀಜ? ಬಿತ್ತಿದ್ರೆ ಹುಟ್ತದಾ?" ಅಂತ ನಮ್ಮ ದಾಳವನ್ನು ಮುಂದೆ ಹಿಡಿದಳು.

ಮೇಷ್ಟ್ರು ಎದ್ದು ಅವಳ ಎದುರಿಗೆ ಕೈಕಟ್ಟಿ ನಿಂತರು. "ತಾಯೀ, ನಿಧಾನಕ್ಕೆ ಜ್ಞಾಪಿಸ್ಕೊಂಡು ಹೇಳು. ಇದು ಸಿಕ್ಕಿದಾಗ ಮೇಲ್ಗಡೆ ಯಾವ ಅಂಕಿ ಇತ್ತು?"

"ಅಂಕಿ ಯಾರು ನೋಡ್ತಾರೆ ಸಾರ್. ಬಾಯಿಗೆ ಹಾಕ್ಕೊಂಡು ಕಡಿದೆ."

ನೋಡಿದರೆ ಏಳರ ಮೇಲೆ ಹಲ್ಲಿನ ಗುರುತು. ಮರುಪರೀಕ್ಷೆ ಮಾಡೋಣ ಅಂತ ತೀರ್ಮಾನವಾಯಿತು. ಮೇಷ್ಟ್ರು ಈ ಸಲ ತಿರುಗಾಟವಿಲ್ಲದೆ ಮೆಲ್ಲಗೆ ಉರುಳಿಸಿದರು. ದಾಳ ಆ ಹಲ್ಲಿನ ಗುಳಿಯ ಮೇಲೆ ತಡವರಿಸಿ, ಆಚೆ ಹೊರಳಿ ಹದಿನೆಂಟು ತೋರಿಸಿತು. ಮೇಷ್ಟ್ರು ನಾಯಕ ಆದರು. ಹೆಂಗಸಿನ ಹಲ್ಲು ನೋಯುತ್ತಿದೆಯೇನೋ ಅಂತ ಅವತ್ತು ಅವಳಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ಎಲ್ಲ ಕೊಡಿಸಿದವರು ಮೇಷ್ಟ್ರೇ.

ಇನ್‌ಚಾರ್ಜ್

ಮೇಷ್ಟ್ರು ದಳವಾಯಿ ಆಗಲು ಒಂದೇ ಒಂದು ಯುದ್ಧ ಬಾಕಿ ಇತ್ತು. ಆಗ ಇಲಾಖೆಗೆ ಜ್ಞಾನೋದಯವಾಯಿತು. ದೈಹಿಕ ಶಿಕ್ಷಣ ಪರಿವೀಕ್ಷಕರಾಗಿ ಬಡ್ತಿ, ಗುಲ್ಬರ್ಗಾದ ಆಚೆಯ ಒಂದು ತಾಲೂಕಿಗೆ. ಕೂಡಲೇ ಹೋಗಿ ವರದಿ ಮಾಡಿಕೊಳ್ಳಬೇಕು. ಬೇರೆಯವರಾಗಿದ್ದರೆ ಊರಿಗೆಲ್ಲ ಪೇಡಾ ಹಂಚುತ್ತಿದ್ದರು. ಮೇಷ್ಟ್ರು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದರು.

"ಒಂದು ವಾರ ತಡವಾಗಿ ಬರ್ತೀನಿ ಅಂತ ಅರ್ಜಿ ಹಾಕಿದೀನಿ" ಅಂದರು.

"ಯಾಕೆ ಸಾರ್?"

"ದಳವಾಯಿ ಆಗದೆ ಹೆಂಗೆ ಹೋಗ್ಲಿ? ಅಲ್ಲೂ ನಾನು ಇನ್‌ಸ್ಪೆಕ್ಷನ್ನಿಗೆ ಹೋದ್ರೆ ಸೆಲ್ಯೂಟ್ ಹೆಡ್‌ಮಾಸ್ಟರಿಗೇ ಬೀಳೋದು."

ಆ ಭಾನುವಾರ ಬೀಳ್ಕೊಡುಗೆಯ ಊಟ ನಮ್ಮ ಮನೆಯಲ್ಲಿ. ಆಟವೂ ನಮ್ಮ ಪಡಸಾಲೆಯಲ್ಲೇ. ನನ್ನ ಮನಸ್ಸಿನಲ್ಲಿ ಎಲ್ಲ ಸಿದ್ಧವಾಗಿತ್ತು. ರಾಂಪುರದ ಆಚೆ ಬಂಡೆಗುಂಡುಗಳ ಗುಡ್ಡದಲ್ಲಿ ಒಂದು ದೊಡ್ಡ ಕರಡಿ. ಕರಡಿಯ ಗುಹೆಗೆ ಕಲ್ಲಿನ ಬಾಗಿಲು, ಮೂರು ಜನ ಸೇರಿ ತಳ್ಳಿದರೆ ಮಾತ್ರ ತೆರೆಯುತ್ತದೆ. ತೆರೆದ ಮೇಲೆ ಮೇಷ್ಟ್ರು ಮುಂದೆ ಹೋಗಿ ಕರಡಿಯನ್ನು ಹೊಡೆಯುವುದು, ದಳವಾಯಿ ಆಗುವುದು, ಎಲ್ಲರೂ ಊಟಕ್ಕೆ ಏಳುವುದು.

ಮೊಳಕಾಲ್ಮುರಿನಿಂದ ನೇಕಾರ ಬಂದ. ಸಾವ್ಕಾರ್ರು ಮಾತ್ರ ಬರಲಿಲ್ಲ. ಮಂಡಿಗೆ ಲೋಡು ಬಂದಿದೆ, ಇಳಿಸಿ ಬರುತ್ತೇನೆ ಅಂತ ಹೇಳಿ ಕಳಿಸಿದರು. ಬಾಗಿಲು ತಳ್ಳಲು ಮೂರನೆಯವರಿಲ್ಲ. ಮೇಷ್ಟ್ರು ಗಡಿಯಾರ ನೋಡುತ್ತಾ ಪಡಸಾಲೆಯಲ್ಲಿ ಶತಪಥ ತಿರುಗುವುದನ್ನು ಕಂಡು ಅವ್ವ ಸೌಟು ಹಿಡಿದೇ ಹೊರಗೆ ಬಂದಳು.

"ಏನ್ಲೇ, ಬಾಗಿಲು ತಳ್ಳೋಕೆ ಒಬ್ರು ಬೇಕಾ? ನಾನು ತಳ್ತೀನಿ ತಗಾ. ಆ ಮೇಷ್ಟ್ರನ್ನ ಕೂರ್ಸು, ನೋಡಿ ನೋಡಿ ತಲೆ ತಿರುಗ್ತೈತೆ."

ಅವ್ವನನ್ನು ದಂಡಿನ ಅಡುಗೆಯ ಅಜ್ಜಿ ಅಂತ ಸೇರಿಸಿಕೊಂಡೆವು. ಒಂದನೇ ಮೆಟ್ಟಿಲು. ಕಲ್ಲಿನ ಬಾಗಿಲು ತೆರೆಯಿತು. ಒಳಗಿನಿಂದ ಕರಡಿ ಗರ್ಜಿಸುತ್ತಾ ಎದ್ದು ನಿಂತಿತು ಅಂತ ನಾನು ಕೈ ಮೇಲೆತ್ತಿ ತೋರಿಸಿದೆ. ನೇಕಾರ ಕತ್ತಿ ಹಿಡಿದು ನುಗ್ಗಲು ಹೊರಟ, ಮೇಷ್ಟ್ರು ಅವನ ಅಂಗಿಯ ತೋಳು ಹಿಡಿದು ಕೂರಿಸಿದರು. "ಇವತ್ತು ನಂದು" ಅಂದರು. ದಾಳವನ್ನು ಕಣ್ಣಿಗೆ ಒತ್ತಿಕೊಂಡರು. ಇಷ್ಟದೇವರ ಹೆಸರು ಹೇಳುವುದರಲ್ಲಿ ಸ್ವಲ್ಪ ತಡವಾಯಿತು.

ಅವ್ವ ಕೇಳಿದಳು, "ಯಾಕಂತೆ ಹಂಗೆ ಅರಚ್ತೈತೆ ಅದು?"

"ಕರಡಿ ಅವ್ವ. ಹಸಿದೈತೆ."

"ಹಸಿದಿದ್ರೆ ಉಣ್ಣೋಕೆ ಇಕ್ಕಬೇಕಪ್ಪಾ, ಹೊಡೀತಾರಾ? ನಾನು ಅಡುಗೆಯೋಳು ತಾನೇ? ಎರಡು ಮುದ್ದೆ ಇಕ್ತೀನಿ. ಕೂತ್ಕೋ ಮಗಾ ಅಂತೀನಿ." ಇಷ್ಟು ಹೇಳಿ ಮೇಷ್ಟ್ರ ಕೈಯಿಂದ ದಾಳ ತೆಗೆದುಕೊಂಡು, ಮುದ್ದೆ ತಟ್ಟೆಗೆ ಬಿಡುವ ಹಾಗೆ ಚಾಪೆಯ ಮೇಲೆ ಬಿಟ್ಟಳು.

ಇಪ್ಪತ್ತು.

ಕರಡಿ ಕೂತು ಮುದ್ದೆ ಉಂಡಿತು. ನಾನು ಬಾಯಿ ಬಿಟ್ಟುಕೊಂಡು ಕೂತೆ. ಯಾಕೆಂದರೆ ನನ್ನ ಜಿಪುಣತನ ಕಡಿಮೆ ಕಾಣಲಿ ಅಂತ ಮೊದಲೇ ಒಂದು ನಿಯಮ ಮಾಡಿದ್ದೆ. ಎದುರಾಳಿ ಎಷ್ಟು ದೊಡ್ಡದೋ, ಗೆದ್ದವನು ಎಷ್ಟು ಸಣ್ಣವನೋ, ಅಂಕ ಅಷ್ಟು ಜಾಸ್ತಿ. ಯಾರ ಕೈಲೂ ಆಗಲಾರದ ಕೆಲಸ ಅಂತ ಮನಸ್ಸು ಬಿಚ್ಚಿ ಬರೆದ ನಿಯಮ ಅದು. ಲೆಕ್ಕ ಹಾಕಿದೆ. ಅವ್ವ ಸವಾರನನ್ನು ದಾಟಿ, ನಾಯಕನನ್ನು ದಾಟಿ, ನೆಟ್ಟಗೆ ದಳವಾಯಿ ಆಗಿದ್ದಳು. ದಂಡಿಗೆ ಒಬ್ಬರೇ ದಳವಾಯಿ.

ಮೇಷ್ಟ್ರು ತಮ್ಮ ಖಾಲಿ ಅಂಗೈ ನೋಡಿಕೊಂಡು ಕೂತಿದ್ದರು. ಅಷ್ಟು ವರ್ಷದ ಭಾನುವಾರಗಳೆಲ್ಲ ಆ ಅಂಗೈಯಲ್ಲಿ ಇದ್ದ ಹಾಗೆ ನನಗೆ ಅನ್ನಿಸಿತು. ಅಷ್ಟೊತ್ತಿಗೆ ಸಾವ್ಕಾರ್ರು ಬೆವರು ಒರೆಸಿಕೊಳ್ಳುತ್ತಾ ಬಂದರು. ವಿಷಯ ಕೇಳಿ, ಅವರೂ ಟವಲ್ ತೆಗೆದು ಕೈಯಲ್ಲಿ ಹಿಡಿದರು.

"ಅವ್ವಾ, ಆ ಹುದ್ದೆ ಮೇಷ್ಟ್ರಿಗೆ ಕೊಟ್ಟುಬಿಡು" ಅಂದೆ.

ಮೇಷ್ಟ್ರೇ ತಲೆ ಅಲ್ಲಾಡಿಸಿದರು. "ಬರಲ್ಲಪ್ಪ. ಒಬ್ಬರ ಬಡ್ತಿ ಇನ್ನೊಬ್ಬರಿಗೆ ಕೊಡೋಕೆ ಬರಲ್ಲ. ನೇಕಾರನಿಗೆ ನಾನೇ ಹೇಳಿದೀನಿ." ಆಮೇಲೆ ಸ್ವಲ್ಪ ಮೆಲ್ಲಗೆ, "ಅವ್ವಾರು ತಮಗೆ ಬಡ್ತಿ ಬೇಡ ಅಂದ್ರೆ ಬೇರೆ ಮಾತು. ಆಗ ಸೀನಿಯಾರಿಟಿಯಲ್ಲಿ ಮುಂದಿನೋರಿಗೆ ಬರ್ತೈತೆ."

"ನಾನ್ಯಾಕೆ ಬೇಡ ಅನ್ಲಿ?" ಅಂದಳು ಅವ್ವ. "ಹುಟ್ಟಿದಾಗಿಂದ ಒಲೆ ಮುಂದೆ ಕೂತಿದೀನಿ. ಇವತ್ತು ಏನೋ ಆಗೀನಿ ಅಂತೀರಿ, ಇವತ್ತೇ ಬಿಡು ಅಂತೀರಿ. ನಾನು ಬಿಡಲ್ಲ."

ಮೇಷ್ಟ್ರ ತಲೆ ಇನ್ನೂ ಬಾಗಿತು. ಅಷ್ಟರಲ್ಲಿ ಒಳಗೆ ಸಾರು ಉಕ್ಕಿ ಒಲೆ ಚುಂಯ್ ಅಂದ ಸದ್ದು ಬಂತು. ಅವ್ವ ಗಡಬಡಿಸಿ ಎದ್ದಳು. ಹೋಗುತ್ತಾ ಹೋಗುತ್ತಾ ತಿರುಗಿ ಹೇಳಿದಳು, "ಸಾರು ಉಕ್ತಾ ಐತೆ, ಮುದ್ದೆ ಬೇರೆ ತಿರುವಬೇಕು. ನಾನು ಬರೋತನಕ ನನ್ನ ದಂಡು ನೀವು ನೋಡ್ಕೊಳ್ರಿ ಮೇಷ್ಟ್ರೇ."

ಮೇಷ್ಟ್ರು ತಲೆ ಎತ್ತಿದರು. "ಅಂದ್ರೆ ಇನ್‌ಚಾರ್ಜ್?"

"ಏನೋ ಒಂದು. ನಾನು ಒಲೆ ಮುಂದೆ ಇರೋತನಕ ನೀವೇ."

ಮೇಷ್ಟ್ರು ಎದ್ದು ನಿಂತ ರಭಸಕ್ಕೆ ಚಾಪೆ ಮಡಚಿಕೊಂಡಿತು. "ನಿಯಮ ಐತೆ. ಹುದ್ದೆಯಲ್ಲಿರೋರು ಬೇರೆ ಕೆಲಸಕ್ಕೆ ಹೋದ್ರೆ ನಂತರದ ಹಿರಿಯರಿಗೆ ಚಾರ್ಜ್. ಪೂರ್ತಿ ಅಧಿಕಾರ ಇರ್ತದೆ. ಸೆಲ್ಯೂಟೂ ಸೇರಿ." ಅಂಗಿ ಕೆಳಗೆಳೆದುಕೊಂಡು, ಗೋಡೆಗೆ ಬೆನ್ನು ಕೊಟ್ಟು, ಎದೆ ಸೆಟೆದು ನಿಂತರು.

ನಾವು ಮೂವರೂ ಎದ್ದು ಸೆಲ್ಯೂಟ್ ಹೊಡೆದೆವು. ಮೇಷ್ಟ್ರ ಮುಖದಲ್ಲಿ ಬೆಳಕು ಬಂತು, ಒಂದು ಕ್ಷಣ ನಿಂತಿತು, ಆಮೇಲೆ ಹುಬ್ಬು ಗಂಟಾಯಿತು. "ಸಾವ್ಕಾರ್ರೇ, ನೊಣ ಓಡಿಸ್ತಿದೀರಾ? ಲೇ ನೇಕಾರ, ಎಡಗೈ ಇಳಿಸು. ಮೊಣಕೈ ಭುಜದ ನೇರಕ್ಕೆ ಬರ್ಲಿ. ಮತ್ತೆ ಮೊದಲಿಂದ." ಸೀಟಿ ಊದಿದರು. ಜೀವನದಲ್ಲಿ ಮೊದಲ ಸಲ ತಮಗೆ ಬಿದ್ದ ಸೆಲ್ಯೂಟನ್ನು ಅವರು ತಗೊಳ್ಳಲೇ ಇಲ್ಲ, ತಿದ್ದುತ್ತಾ ಇದ್ದರು. ಸಾವ್ಕಾರ್ರ ಕೈ ಸರಿಹೋಗುವ ಹೊತ್ತಿಗೆ ಒಳಗಿನಿಂದ ಅವ್ವ "ಮುದ್ದೆ ಆಯ್ತು, ಬರ್ರಿ" ಅಂದಳು. ಚಾರ್ಜು ಮುಗಿದೇಹೋಯಿತು.

ಮೇಷ್ಟ್ರು ಮಾರನೇ ದಿನ ಗುಲ್ಬರ್ಗಾ ಬಸ್ ಹತ್ತಿದರು. ಮುಂದಿನ ಭಾನುವಾರ, ಅಡುಗೆಯ ಹೊತ್ತಿಗೆ ಸರಿಯಾಗಿ ನಮ್ಮ ಮನೆಯ ಫೋನ್ ಬಡಿದುಕೊಂಡಿತು. ಯಾವುದೋ ಎಸ್‌ಟಿಡಿ ಬೂತಿನಿಂದ ಮೇಷ್ಟ್ರು.

"ಅವ್ವಾರು ಒಲೆ ಮುಂದೆ ಇದಾರಾ?"

"ಇದಾಳೆ ಸಾರ್."

"ಸರಿ ಹಂಗಾದ್ರೆ" ಅಂದು ಫೋನ್ ಇಟ್ಟರು. ಅಷ್ಟೇ ಮಾತು. ಆಮೇಲೆ ಪ್ರತಿ ಭಾನುವಾರ ಇದೇ. ಅಲ್ಲಿ ಬೂತಿನಲ್ಲಿ ನಿಂತು ಎದೆ ಸೆಟೆಸುತ್ತಿದ್ದರೋ ಏನೋ, ಆ ಭಾಗದ ಜನರೇ ಹೇಳಬೇಕು.

ಒಂದು ಭಾನುವಾರ ಫೋನ್ ಬರುವುದು ತಡವಾಯಿತು. ನಮ್ಮ ಊಟ ಮುಗಿದು, ಪಾತ್ರೆ ತೊಳೆದು, ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಎಲೆ ಅಡಿಕೆ ಹಾಕಿಕೊಂಡಿದ್ದಳು. ಫೋನ್ ಅವಳೇ ಎತ್ತಿದಳು. ಆ ಕಡೆಯಿಂದ ಮೇಷ್ಟ್ರು ಕೂಗಿ ಮಾತಾಡುವುದು ನನಗೂ ಕೇಳಿಸಿತು. "ಕ್ರೀಡಾಕೂಟ ಇತ್ತು ಅವ್ವಾರೇ, ಹೊತ್ತಾಯ್ತು. ಊಟ ಆಗಿರ್ಬೇಕು. ಚಾರ್ಜು ನಿಮ್ಮ ಕೈಲೇ ಇರ್ಬೇಕು."

ಅವ್ವ ಎಲೆ ಅಡಿಕೆಯನ್ನು ಕೆನ್ನೆಯ ಒಂದು ಬದಿಗೆ ತಳ್ಳಿಕೊಂಡಳು. "ಇಲ್ಲ ಮೇಷ್ಟ್ರೇ, ಇನ್ನೂ ಒಲೆ ಮುಂದೆನೇ ಇದೀನಿ."

"ಇಷ್ಟೊತ್ತಲ್ಲಾ? ಏನ್ ಮಾಡ್ತಿದೀರಿ?"

ಅವ್ವ ಒಮ್ಮೆ ಆರಿದ ಒಲೆಯ ಕಡೆ ನೋಡಿ, "ಹೋಳಿಗೆ" ಅಂದಳು.

ಫೋನ್ ಇಟ್ಟವಳು ನನ್ನ ಕಡೆ ತಿರುಗಿದಳು. "ಏಳಲೇ, ಹೋಗಿ ಬೆಲ್ಲ ಕುಟ್ಟು. ನಾನು ಬೇಳೆ ಇಡ್ತೀನಿ. ಪಾಪ, ಆ ಮನುಷ್ಯ ಅಲ್ಲಿ ಚಾರ್ಜ್ ತಗೊಂಡು ನಿಂತಿರ್ತಾನೆ."